ಒಂದೇ ಜಾಕೆಟ್

ರಜೆಯ ದಿನ ಗಾಳ ಹಾಕಲು ಬಂದಿದ್ದ ಸಂಪತ್, ಡ್ರೋನಿಗೆ ಸೀಗಡಿ ಸಿಕ್ಕಿಸಿದ ಗಾಳ ಕಟ್ಟಿ ಅಲೆಗಳಾಚೆ ಹಾರಿಸಿದ್ದ. ಕೈಯಲ್ಲಿದ್ದ ಪರದೆಯ ಮೇಲೆ ಮಗುಚಿಕೊಂಡ ದೋಣಿಯೊಂದು ಕಂಡಿತು. ಅದರ ಅಂಚು ಹಿಡಿದು ಒಬ್ಬ ತೇಲುತ್ತಿದ್ದ.

ದಡದಲ್ಲಿ ಮೀನು ಒಣಗಿಸುತ್ತಿದ್ದ ಗುಲಾಬಿ ಓಡಿ ಬಂದು ನೋಡಿದಳು.

"ಅಯ್ಯೋ, ನನ್ನ ತಮ್ಮ ಶೇಖರ! ಅವನ ಕೈ ಸೋತ್ರೆ ಮುಗೀತು. ಏನಾದ್ರೂ ಮಾಡಿ ಮಾರಾಯ್ರೆ!"

ಯಾರೋ ಬಂದರಿಗೆ ಫೋನ್ ಮಾಡಿದರು. ಬೋಟು ಬರಲು ಹೊತ್ತು ಹಿಡಿಯುತ್ತಿತ್ತು. ಸಂಪತ್ ಡ್ರೋನನ್ನು ವಾಪಸು ಇಳಿಸಿ, ಗಾಳ ಬಿಚ್ಚಿ, ತನ್ನ ಲೈಫ್ ಜಾಕೆಟ್ ಕಟ್ಟಿದ.

"ಬ್ಯಾಟರಿ ಇನ್ನೊಂದೇ ಸಲಕ್ಕೆ ಸಾಕು ಅಕ್ಕಾ."

"ಸಾಕು, ಸಾಕು. ಅವನೊಬ್ಬನೇ ಅಲ್ವಾ ಇರೋದು."

ಡ್ರೋನ್ ಹಾರಿಹೋಗಿ ಕೆಳಗೆ ಬಿಟ್ಟ ಜಾಕೆಟ್ ಶೇಖರನ ಪಕ್ಕದಲ್ಲೇ ಬಿತ್ತು. ಅವನು ಅದನ್ನು ಎಳೆದುಕೊಂಡ, ಆದರೆ ತೊಡಲಿಲ್ಲ. ಹಲ್ಲಲ್ಲಿ ಕಚ್ಚಿಕೊಂಡು ದೋಣಿಯ ಆಚೆ ಬದಿಗೆ ಸರಿಯತೊಡಗಿದ.

"ಎಂತ ಮಾಡ್ತಿದ್ದಾನೆ ಇವ? ನೀನು ಹಾಕ್ಕೊಳ್ಳೋ! ಮೊದ್ಲು ನೀನು ಹಾಕ್ಕೋ!" ಗುಲಾಬಿ ಪರದೆಗೆ ಬಾಯಿಟ್ಟು ಅರಚಿದಳು.

"ಅವರಿಗೆ ಕೇಳ್ಸೋದಿಲ್ಲ ಅಕ್ಕಾ," ಎಂದ ಸಂಪತ್ ಡ್ರೋನನ್ನು ಆಚೆ ಬದಿಗೆ ತಿರುಗಿಸಿದ.

ಅಲ್ಲಿ ನೀರಿನ ಮೇಲೆ ಇನ್ನೊಂದು ತಲೆಯಿತ್ತು. ಬೆಳಿಗ್ಗೆ ಹೊಲಿಗೆ ಕ್ಲಾಸಿಗೆಂದು ಮನೆಯಿಂದ ಹೊರಟಿದ್ದ ಗುಲಾಬಿಯ ಮಗಳಿಗೆ ಶೇಖರ ಒಂದೇ ಕೈಯಲ್ಲಿ ಜಾಕೆಟ್ ತೊಡಿಸುತ್ತಿದ್ದ.

ಗುಲಾಬಿಯ ಬಾಯಿ ತೆರೆದೇ ಇತ್ತು. "ನೀನು ಹಾಕ್ಕೋ" ಎಂಬ ಮಾತು ಮಾತ್ರ ಮತ್ತೆ ಹೊರಡಲಿಲ್ಲ.