ಹಡಗಿನ ಐದನೆಯ ಸೀಟು

"ನಾಲ್ಕೇ ಹೆಸರು ಬರೀರಿ ಸಾರ್. ನಾವಿಬ್ಬರು, ಮಕ್ಕಳಿಬ್ಬರು," ಎಂದು ಟ್ರಾವೆಲ್ಸ್ ಏಜೆಂಟಿಗೆ ನಿರಂಜನ್ ಹೇಳಿದ್ದು ಪಕ್ಕದ ಕುರ್ಚಿಯಲ್ಲಿದ್ದ ಅವನ ತಾಯಿ ಚಂದ್ರಕ್ಕನಿಗೆ ಕೇಳಿಸಿತು. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗುವ ಮಾತು ಮನೆಯಲ್ಲಿ ಎರಡು ತಿಂಗಳಿಂದ ನಡೆದಿತ್ತು. ತಾನೂ ಹೊರಟವಳೆಂದುಕೊಂಡು ಆಕೆ ಎರಡು ಹೊಸ ಸೀರೆಗೆ ಫಾಲ್ಸ್ ಹಾಕಿಸಿದ್ದಳು. ಚಿಕ್ಕಜಾಜೂರಿನಿಂದ ಮಗನ ಜೊತೆ ಚಿತ್ರದುರ್ಗಕ್ಕೆ ಬಂದದ್ದೂ ಅದೇ ಸಂಭ್ರಮದಲ್ಲಿ.

"ಮತ್ತೆ ನನ್ನ ಹೆಸರೆಲ್ಲಪ್ಪ?"

"ಹಡಗು ಅಲ್ಲಾಡತೈತೆ ಅವ್ವ, ನಿಂಗಾಗಲ್ಲ. ತಾಳ್ಯದಾಗೆ ಅಕ್ಕನ ಮನೇಲಿರು."

ಏಜೆಂಟ್ ನಡುವೆ ಬಾಯಿ ಹಾಕಿದ. "ವಯಸ್ಸಾದೋರಿಗೆ ಕೆಳಗಡೆ, ಹಡಗಿನ ಮಧ್ಯದ ಕೋಣೆ ತಗಳ್ರಿ. ಅಲುಗಾಟ ಕಮ್ಮಿ. ಆದ್ರೆ ಕಿಟಕಿ ಇರಲ್ಲ."

ಚಂದ್ರಕ್ಕ ಮೇಜಿನ ಮೇಲಿದ್ದ ಹಡಗಿನ ನಕ್ಷೆಯನ್ನು ಎಳೆದುಕೊಂಡು ಅದರ ಮೇಲೆ ಅಂಗೈ ಊರಿದಳು. "ಮೂವತ್ತೊಂದು ವರ್ಷ ನಿಮ್ಮಪ್ಪನ ರೈಲ್ವೆ ಕ್ವಾರ್ಟರ್ಸ್‌ನಾಗೆ ಬಾಳ್ವೆ ಮಾಡೀನಿ. ಗೂಡ್ಸ್ ಹೋದಾಗೆಲ್ಲ ಮಂಚ, ಪಾತ್ರೆ, ಗೋಡೆ ಎಲ್ಲಾ ಅಲ್ಲಾಡೋವು. ನಿನ್ನ ಹೆತ್ತಿದ್ದೂ ಅಲ್ಲೇ. ಅಲ್ಲಾಡೋದೇನು ಅಂತ ನಂಗೆ ಹೇಳಿಕೊಡ್ತೀಯೇನೋ?"

"ಹಟ ಮಾಡಬೇಡವ್ವ," ಎನ್ನುತ್ತ ನಿರಂಜನ್ ನಕ್ಷೆಗೆ ಕೈ ಚಾಚಿದ. ಆಕೆ ಅಂಗೈ ಎತ್ತಲಿಲ್ಲ.

"ಹಟಾನೇ ಅಂದ್ಕೋ. ಕಿಟಕಿ ಇರೋ ಕೋಣೆ ಎಲ್ಲೈತೆ ತೋರಿಸ್ರಿ," ಎಂದಳು ಏಜೆಂಟಿಗೆ. ಅವನು ಆಕೆಯ ಬೆರಳ ಸಂದಿಯಲ್ಲೇ ಪೆನ್ನಿನ ತುದಿ ಇಟ್ಟು ಅಂಚಿನ ಒಂದು ಚೌಕ ತೋರಿಸಿ, ನಿರಂಜನನ ಮುಖ ನೋಡಿದ.

"ಅವನನ್ನೇನು ನೋಡ್ತೀರಿ? ಹೋಗೋಳು ನಾನು. ಅಲ್ಲೇ ಬರೀರಿ. ಹೆಸರು ಚಂದ್ರಕ್ಕ. ವಯಸ್ಸು ಅರವತ್ತೆಂಟು. ಒಂದು ವರ್ಷಾನೂ ಕಮ್ಮಿ ಬರೀಬೇಡ್ರಿ."