ಬಂದೂಕಿನ ತಲೆಗೆ ಕಟ್ಟಿದ ತಪ್ಪು

ಗುಂಡು ಹಾರಿತು, ಜಿಂಕೆ ಬೀಳಲಿಲ್ಲ. ಕಲ್ಲೆಸೆದರೂ ತಾಗುವಷ್ಟು ಹತ್ತಿರದಲ್ಲಿ, ಹಿಮದ ಮೇಲೆ ಅಡ್ಡಲಾಗಿ ನಿಂತಿದ್ದ ದೊಡ್ಡ ಕೊಂಬಿನ ಗಂಡು ಜಿಂಕೆ. ಹೊಡೆದವನು ಯಾರೆಂದು ನೋಡುವಂತೆ ಒಮ್ಮೆ ತಲೆ ತಿರುಗಿಸಿ, ಅವಸರವಿಲ್ಲದೆ ದೇವದಾರು ಮರಗಳ ಸಂದಿಯಲ್ಲಿ ನಡೆದುಹೋಯಿತು. ಓಡಿಹೋಗುವಷ್ಟು ಮರ್ಯಾದೆಯನ್ನೂ ಅದು ಮುದುಕ ಆರ್ವೊನಿಗೆ ಕೊಡಲಿಲ್ಲ.

ಸುಪೀರಿಯರ್ ಸರೋವರದ ದಂಡೆಯ ಆ ಕಾಡಿನಲ್ಲಿ ಬೇಟೆಗಾರರದ್ದೊಂದು ಕಟ್ಟಳೆಯಿದೆ. ಗುರಿ ತಪ್ಪಿದವನ ಅಂಗಿಯ ಹಿಂಬದಿಯ ಅಂಚನ್ನು ಕತ್ತರಿಸಿ, ಅದರ ಮೇಲೆ ಅವನ ಹೆಸರು ಬರೆದು, ಬೇಟೆಮನೆಯ ಗೋಡೆಗೆ ಮೊಳೆ ಹೊಡೆಯಬೇಕು. ಬಾಲ ಕತ್ತರಿಸುವುದು ಎನ್ನುತ್ತಾರೆ ಅದಕ್ಕೆ. ಆರ್ವೊನ ಬೇಟೆಮನೆಯ ಗೋಡೆಯಲ್ಲಿ ಅವನ ಹೆಂಡತಿಯ ತಮ್ಮ ನೀಲೊನ ಬಾಲಗಳೇ ಒಂದು ಸಾಲು ಇದ್ದವು. ಮಗಳು ಮಾರ್ಲೀನಳವೂ ಇದ್ದವು. ಆರ್ವೊನದು ಮಾತ್ರ ಒಂದೂ ಇರಲಿಲ್ಲ. "ಒಂದೇ ಒಂದು ಸಲ ತಪ್ಪು ಭಾವ, ಆಮೇಲೆ ನಾನು ನೆಮ್ಮದಿಯಾಗಿ ಸಾಯ್ತೀನಿ" ಎಂದು ನೀಲೊ ಪ್ರತಿ ನವೆಂಬರಿನ ಬೇಟೆಗಾಲದಲ್ಲೂ ಕಾಫಿ ಹೀರುತ್ತಾ ಹೇಳುತ್ತಿದ್ದ.

ಆ ಸಲ ಬಂದೇಬಿಟ್ಟಾಗ ನೀಲೊ ಕತ್ತರಿಯನ್ನು ಮುಟ್ಟಲೇ ಇಲ್ಲ. ಒಲೆಗೆ ಸೌದೆ ತುರುಕುತ್ತಾ, ಭಾವನ ಮುಖ ನೋಡದೆ ಹೇಳಿದ:

"ನಿಂದಲ್ಲ ಭಾವ, ಆ ಬಂದೂಕಿನ ತಪ್ಪು. ಹಣ್ಣು ಮುದುಕಿ ಅದು. ನಳಿಗೆ ಸವೆದುಹೋಗಿರುತ್ತೆ."

"ನಿಮ್ಮಪ್ಪ ಕೊಟ್ಟದ್ದು ಕಣೋ ಇದು, ನನ್ನ ಮದುವೇಲಿ."

"ಅದಕ್ಕೇ ಹೇಳ್ತಿರೋದು. ನಮ್ಮಪ್ಪನೇ ಹೋದ, ಅವನ ಬಂದೂಕು ಎಷ್ಟು ದಿನ ಬಾಳುತ್ತೆ?"

"ಹೌದಪ್ಪ," ಎಂದಳು ಮಾರ್ಲೀನ್. "ಅದನ್ನ ಗೋಡೆಗೆ ನೇತುಹಾಕಿಬಿಡು. ಮುಂದಿನ ವರ್ಷಕ್ಕೆ ದುರ್ಬೀನು ಇರೋ ಹೊಸದು ತರೋಣ."

ಆರ್ವೊ ಬಂದೂಕನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದ. ಅವನ ಕೆನ್ನೆ ಒರಗಿ ಒರಗಿ ಅದರ ಹಿಂಬದಿಯ ಮರ ಬಣ್ಣ ಕಳೆದುಕೊಂಡು ನುಣುಪಾಗಿತ್ತು. "ನಾನೂ ಬಂದೂಕಾಗಿ ಹುಟ್ಟಿದ್ರೆ ನನ್ನ ಕಾಲಿಗೂ ಎಣ್ಣೆ ತಿಕ್ತಿದ್ದೆ ನೀನು" ಎಂದು ಹೆಂಡತಿ ಐಲಿ ಛೇಡಿಸುತ್ತಿದ್ದಳು. ಐಲಿ ತೀರಿಕೊಂಡ ವರ್ಷ ಅವನು ಬೇಟೆಗೆಂದು ಬಂದು, ಒಂದು ಗುಂಡೂ ಹಾರಿಸದೆ, ಇದನ್ನು ತಬ್ಬಿಕೊಂಡು ಕಾಡಿನಲ್ಲಿ ಕೂತಿದ್ದ. ನೆಂಟರಿಷ್ಟರ ಮುಂದೆ ಅಳಲಾಗದ್ದನ್ನೆಲ್ಲ ಇದರ ಮುಂದೆ ಅತ್ತಿದ್ದ.

ಈಗ ಅವನ ಒಂದು ಮಾತು ಸಾಕಿತ್ತು. ಬಂದೂಕು ಕೆಟ್ಟಿದೆ ಎಂದರೆ ಬೇಟೆ ಉಳಿಯುತ್ತಿತ್ತು. ಕಣ್ಣು ಕೆಟ್ಟಿದೆ ಎಂದರೆ ಇದೇ ಕೊನೆ. ಮುಂದಿನ ನವೆಂಬರಿನಲ್ಲಿ ಅವನಿಗೆ ಕಾಡಿಲ್ಲ.

"ಇರಬಹುದು" ಎಂದ ಆರ್ವೊ.

ನೀಲೊಗೆ ಹೋದ ಜೀವ ಬಂದಂತಾಯಿತು. ಬಂದೂಕನ್ನು ಪಟ್ಟಿ ಹಿಡಿದು ಎತ್ತಿ, ಒದ್ದೆ ಕಾಲುಚೀಲಗಳನ್ನು ಒಣಗಲು ಹಾಕಿದ್ದ ಮೊಳೆಗೇ ತಗುಲಿಸಿದ. ಆರ್ವೊ ಅದನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕೂತ. ಕಾಲುಚೀಲದ ನೀರು ನಳಿಗೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅವನಿಗೆ ತಡೆಯಲಾಗಲಿಲ್ಲ. ಎದ್ದು ಕಾಲುಚೀಲಗಳನ್ನು ಕಿತ್ತು ಮೂಲೆಗೆ ಬಿಸಾಕಿ, ಬಂದೂಕನ್ನು ಮಗಳ ಕೈಗೆ ಕೊಟ್ಟ.

"ಬಾ ಹೊರಗೆ. ಆ ಬೇಲಿ ಗೂಟದ ಮೇಲೆ ಕಾಫಿ ಡಬ್ಬ ಇಟ್ಟು ಹೊಡಿ."

"ಬೇಡಪ್ಪ."

"ಹೊಡಿ ಅಂದೆ. ಬೇಕಂತ ಗುರಿ ತಪ್ಪಿಸಿದ್ರೆ ನಿಮ್ಮಮ್ಮನಾಣೆ, ನಿನ್ನ ಜೊತೆ ಮಾತಾಡಲ್ಲ."

ಮಾರ್ಲೀನ್ ಕೆನ್ನೆ ಒರಗಿಸಿ ಗುರಿ ಹಿಡಿದಳು. ಎಷ್ಟು ಹೊತ್ತಾದರೂ ಅವಳ ಬೆರಳು ಬಂದೂಕಿನ ಕುದುರೆ ಎಳೆಯಲಿಲ್ಲ. ಕೊನೆಗೆ ಎಳೆಯಿತು. ಡಬ್ಬ ಗಾಳಿಗೆ ಹಾರಿ ಹಿಮದಲ್ಲಿ ಹೂತುಕೊಂಡಿತು.

"ಬಿತ್ತಾ?" ಎಂದು ಕೇಳಿದ ಆರ್ವೊ.

ನೀಲೊ ಮಾರ್ಲೀನಳ ಮುಖ ನೋಡಿದ. ಗೂಟದ ಮೇಲೆ ಈಗ ಡಬ್ಬವಿಲ್ಲ ಎಂಬುದೂ ಭಾವನಿಗೆ ಕಾಣುತ್ತಿಲ್ಲವೆಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

"ಇಲ್ಲ ಭಾವ, ತಪ್ಪಿತು," ಎಂದ ನೀಲೊ. "ನಾನು ಹೇಳ್ಲಿಲ್ವಾ, ಬಂದೂಕೇ ಸರಿ ಇಲ್ಲ."

"ತಗಡಿಗೆ ಬಡಿದ ಸದ್ದು ಕೇಳಿಸ್ತು ನೀಲೊ. ಕಣ್ಣು ಹೋಗಿದೆ, ಕಿವಿ ಇನ್ನೂ ಇದೆ." ಆರ್ವೊ ಅಂಗಿಯನ್ನು ಪ್ಯಾಂಟಿನಿಂದ ಹೊರಗೆಳೆದು ಬೆನ್ನು ತಿರುಗಿಸಿ ನಿಂತ. "ಇಷ್ಟು ವರ್ಷ ಅದು ನನ್ನ ಮಾನ ಕಾಯ್ತು. ನನ್ನ ತಪ್ಪನ್ನ ತಗೊಂಡು ಅದರ ತಲೆಗೆ ಕಟ್ಟೋದಾ? ಹೋಗು, ಕತ್ತರಿ ತಗೊಂಡ್ಬಾ."

ನೀಲೊ ಕತ್ತರಿಸಿದ. ಬಟ್ಟೆ ಸೊಟ್ಟಸೊಟ್ಟಗೆ ಹರಿಯಿತು. ಒಳಗೆ ಹೋಗಿ ಮೊಳೆ ಹೊಡೆದ ಮೇಲೂ ಅವನು ಗೋಡೆಗೆ ಮುಖ ಮಾಡಿಕೊಂಡೇ ನಿಂತಿದ್ದ. ವರ್ಷವರ್ಷವೂ ಬೇಡಿಕೊಂಡದ್ದು ಸಿಕ್ಕಾಗ ಅವನಿಗೆ ಅಳು ಬಂದಿತ್ತು.

ಮರುದಿನ ಬೆಳಿಗ್ಗೆ ಮಾರ್ಲೀನ್ ಅಪ್ಪನ ಬಂದೂಕನ್ನು ಹೆಗಲಿಗೇರಿಸಿಕೊಂಡು ಒಬ್ಬಳೇ ಕಾಡಿಗೆ ಹೋದಳು. ನೀಲೊ ಕಾಲು ನೋವೆಂದು ನೆಪ ಹೇಳಿ ಭಾವನ ಜೊತೆ ಉಳಿದ. ಆರ್ವೊ ಬಟಾಣಿ ಸಾರಿಗೆ ಆಲೂಗಡ್ಡೆ ಸುಲಿಯುತ್ತಿದ್ದ. ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ಗುಂಡಿನ ಸದ್ದು ಕೇಳುತ್ತಲೇ ಇತ್ತು. ಆರ್ವೊ ತಲೆ ಎತ್ತಲಿಲ್ಲ.

ಆಮೇಲೆ ದೂರದ ಜೌಗಿನ ಕಡೆಯಿಂದ ಇನ್ನೊಂದು ಗುಂಡು ಹಾರಿತು.

"ಯಾರದ್ದೋ ಏನೋ" ಎಂದ ನೀಲೊ.

ಆರ್ವೊನ ಬಲಭುಜ, ತನ್ನದೇ ಬಂದೂಕಿನ ಒದೆ ತಿಂದಂತೆ, ತಾನಾಗಿಯೇ ಹಿಂದಕ್ಕೆ ಜಗ್ಗಿತ್ತು.