ಇಲಿಗಳ ಮದ್ದು

ಒಂಬತ್ತು ವರ್ಷದ ಮಗಳು ನಾಗವೇಣಿಯ ತೋಳಿಗೆ ಸೂಜಿ ತಾಗಿಸಿ ಮುನಿಸ್ವಾಮಪ್ಪ ಉಸಿರು ಬಿಗಿಹಿಡಿದಿದ್ದ. ಆ ತೋಳು ಮುದುಕಿಯ ತೋಳಿನಂತೆ ಸುಕ್ಕುಗಟ್ಟಿತ್ತು. ಮಗುವಿಗೆ ಈಗಲೇ ಮುಪ್ಪು ಅಡರಿದೆ, ಇದಕ್ಕೆ ಮದ್ದಿಲ್ಲ ಎಂದು ರಾಬರ್ಟ್‌ಸನ್‌ಪೇಟೆಯ ಡಾಕ್ಟರು ಕೈಚೆಲ್ಲಿದ್ದರು.

ಮುನಿಸ್ವಾಮಪ್ಪ ದಿನವೂ ಬಂಗಾರಪೇಟೆಯಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಒಂದು ಪ್ರಯೋಗಾಲಯದಲ್ಲಿ ಇಲಿಗಳ ಬೋನು ತೊಳೆಯುತ್ತಿದ್ದ. ಜೀವಕೋಶಗಳ ಮುಪ್ಪನ್ನು ತಡೆಯಬಹುದೇ ಎಂದು ಅಲ್ಲಿ ಮುದಿ ಇಲಿಗಳಿಗೆ ಪೆಪ್ಟೈಡ್ ಎಂಬ ಕೃತಕ ಮದ್ದು ಚುಚ್ಚಿ ನೋಡುತ್ತಿದ್ದರು. ಅದರದೊಂದು ಸೀಸೆಯನ್ನು ಅವನು ಅಂದು ಬುತ್ತಿಯ ಡಬ್ಬಿಯಲ್ಲಿ ಬಚ್ಚಿಟ್ಟು ಕದ್ದು ತಂದಿದ್ದ.

"ಇದನ್ನ ಆಕಿದ ಇಲಿಗಳು ಏನಾದ್ವು?" ಎಂದು ಹೆಂಡತಿ ನರಸಮ್ಮ ತಡೆದಳು.

"ಕೆಲವು ಮರಿಗಳಂಗೆ ಓಡಾಡ್ತಾವೆ ಕಣೇ."

"ಮಿಕ್ಕಿದ್ವು?"

ಅವನು ತಲೆ ತಗ್ಗಿಸಿದ. "ಸತ್ತೋದ್ವು."

ನರಸಮ್ಮ ಮಗಳನ್ನು ಪಕ್ಕಕ್ಕೆ ಸರಿಸಿ, ಬಳೆಗಳನ್ನು ಮೇಲೇರಿಸಿ ತನ್ನ ತೋಳು ಚಾಚಿದಳು. "ಮೊದ್ಲು ನಂಗಾಕು. ನಾನು ಉಳುದ್ರೆ ಆಮೇಲೆ ಮಗೀಗೆ ಆಕುವಂತೆ."

"ನಿಂಗೇನಾದ್ರೂ ಆದ್ರೆ ನಾನೇನ್ ಮಾಡ್ಲೇ?" ಎನ್ನುವಷ್ಟರಲ್ಲಿ ಅವನ ಕೈ ಗಡಗಡ ನಡುಗತೊಡಗಿತು. ಮಗಳ ತೋಳಿನ ಮೇಲೆ ಅದೇ ಕೈ ಒಂದಿಷ್ಟೂ ಅಳುಕಿರಲಿಲ್ಲ. ಮಗಳು ಹೇಗೂ ಸಾಯುವವಳು ಎಂದು ತಾನು ಒಳಗೊಳಗೇ ಎಂದೋ ತೀರ್ಮಾನಿಸಿಬಿಟ್ಟಿದ್ದೆನೆಂದು ಅವನಿಗೆ ಆಗ ಹೊಳೆಯಿತು. ಸಿರಿಂಜಿನಲ್ಲಿದ್ದುದನ್ನೆಲ್ಲ ಮಣ್ಣಿನ ನೆಲಕ್ಕೆ ಚೆಲ್ಲಿ, ನಾಗವೇಣಿಯನ್ನು ಎಳೆದು ತಬ್ಬಿಕೊಂಡ. ಭಯಕ್ಕೆ ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.